ವೈಶಾಖ ಶುಕ್ಲ ತೃತೀಯೆ: ತಿಥಿ ಒಂದು, ಪರ್ವಗಳು ಹಲವು

1. ಪೀಠಿಕೆ

ವಸಂತ ಋತುವಿನ ಎರಡನೆಯ ಮಾಸವಾದ ವೈಶಾಖದ ಶುಕ್ಲ ತೃತೀಯೆಯು ಭಾರತದ ಹಲವು ಧರ್ಮಪರಂಪರೆಗಳು ಏಕಕಾಲದಲ್ಲಿ ಆಚರಿಸುವ ಪರ್ವದಿನ. ಇದನ್ನು ಅಕ್ಷಯ ತೃತೀಯೆಯೆಂದೂ ಕನ್ನಡದ ಆಡುಮಾತಿನಲ್ಲಿ ಅಕ್ಷಯ ತದಿಗೆ, ಅಕ್ಷತದಿಗೆ ಎಂದೂ ಕರೆಯುವುದು ವಾಡಿಕೆ. ಜೈನರಿಗೆ ಇದು ಆದಿತೀರ್ಥಂಕರ ವೃಷಭನಾಥರ ಪ್ರಥಮ ಪಾರಣೆಯ ದಿನ. ಹಸ್ತಿನಾಪುರದಲ್ಲಿ ಶ್ರೇಯಾಂಸನು ಇಕ್ಷುರಸವನ್ನು ನೀಡಿ ದಾನತೀರ್ಥವನ್ನು ಪ್ರವರ್ತಿಸಿದ ದಿನ. ಇಷ್ಟು ವಿದ್ವಾಂಸರಿಗೆ ವಿದಿತವೇ ಇದೆ.

ಆದರೆ ಈ ದಿನವನ್ನು ಕುರಿತು ಎರಡು ಪ್ರಶ್ನೆಗಳು ವಿಚಾರಾರ್ಹವಾಗಿವೆ. ಮೊದಲನೆಯದು ಕಾಲಗಣನೆಗೆ ಸಂಬಂಧಿಸಿದುದು. ಭಗವಂತನು ದೀಕ್ಷೆಯ ಬಳಿಕ ಒಂದು ಸಂವತ್ಸರ ನಿರಾಹಾರನಾಗಿದ್ದನೆಂದು ಹೇಳುವುದುಂಟು. ಹದಿಮೂರು ತಿಂಗಳು ಒಂಬತ್ತು ದಿನವೆಂದು ಎಣಿಸುವುದೂ ಉಂಟು. ಇವೆರಡರಲ್ಲಿ ಯಾವುದು ಗ್ರಾಹ್ಯ? ಎರಡನೆಯದು ಅರ್ಥಕ್ಕೆ ಸಂಬಂಧಿಸಿದುದು. ಒಂದೇ ತಿಥಿಯನ್ನು ಹಲವರು ಪರ್ವವೆಂದು ಭಾವಿಸುವಾಗ ಜೈನಪರಂಪರೆಯು ಆ ತಿಥಿಯ ಅಕ್ಷಯತ್ವವನ್ನು ಎಲ್ಲಿ ಇರಿಸಿದೆ? ಮೊದಲ ಪ್ರಶ್ನೆಗೆ ಉತ್ತರವು ನಮ್ಮ ಹಸ್ತಪ್ರತಿಗಳನ್ನು ಓದುವ ಕ್ರಮದಲ್ಲಿದೆ. ಎರಡನೆಯದಕ್ಕೆ ನಮ್ಮ ದಾನಶಾಸ್ತ್ರದಲ್ಲಿದೆ. ಇವೆರಡನ್ನೂ ಕ್ರಮವಾಗಿ ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

2. ಒಂದೇ ದಿನದ ಅನೇಕ ಆಚರಣೆಗಳು

ವೈದಿಕ ಪರಂಪರೆಯಲ್ಲಿ ಈ ತಿಥಿಯ ಮಹಿಮೆ ಬಹುಮುಖವಾದುದು. ವಿಷ್ಣುಪುರಾಣವು ಯುಗಾದಿ ತಿಥಿಗಳೆಂದು ನಾಲ್ಕನ್ನು ಎಣಿಸುವಾಗ ವೈಶಾಖ ಶುಕ್ಲ ತೃತೀಯೆಯನ್ನು ಸೇರಿಸಿ, ಅವು ಪಿತೃಶ್ರಾದ್ಧಕ್ಕೆ ಪ್ರಶಸ್ತವೆಂದು ಹೇಳುತ್ತದೆ. ಇದು ಕೃತಯುಗದ ಆದಿಯೋ ತ್ರೇತಾಯುಗದ ಆದಿಯೋ ಎಂಬಲ್ಲಿ ಪಕ್ಷಭೇದವುಂಟು. ಮತ್ಸ್ಯಪುರಾಣದಲ್ಲಿ ಅಕ್ಷಯ ತೃತೀಯಾ ವ್ರತದ ವಿಧಾನವಿದ್ದು, ಅಲ್ಲಿ ಅಕ್ಷತೆಗೆ ಪ್ರಾಧಾನ್ಯವಿದೆ. ಪರಶುರಾಮ ಜಯಂತಿಯೂ ಇದೇ ದಿನ. ಪುರಿಯ ಜಗನ್ನಾಥ ಕ್ಷೇತ್ರದಲ್ಲಿ ಚಂದನಯಾತ್ರೆಯೂ ರಥಗಳ ನಿರ್ಮಾಣವೂ ಈ ದಿನ ಆರಂಭವಾಗುತ್ತವೆ. ಸಿಂಹಾಚಲದ ನರಸಿಂಹಮೂರ್ತಿಯು ಚಂದನಲೇಪವಿಲ್ಲದೆ ನಿಜರೂಪದಲ್ಲಿ ಕಾಣಿಸುವುದು ವರ್ಷಕ್ಕೆ ಈ ಒಂದು ದಿನ ಮಾತ್ರ. ಹಿಮಾಲಯದ ಗಂಗೋತ್ರಿ ಯಮುನೋತ್ರಿಗಳ ದೇಗುಲದ ಬಾಗಿಲುಗಳು ಚಳಿಗಾಲದ ಬಳಿಕ ತೆರೆಯುವುದೂ ಸಂಪ್ರದಾಯದಂತೆ ಈ ತಿಥಿಯಲ್ಲಿಯೇ. ಮೂರೂವರೆ ಮುಹೂರ್ತಗಳೆಂದು ಲೋಕರೂಢಿಯಲ್ಲಿ ಹೆಸರಾದ ದಿನಗಳಲ್ಲಿ ಇದೂ ಒಂದು.

ಕರ್ನಾಟಕದಲ್ಲಿ ಇದು ಬಸವಣ್ಣನವರ ಜಯಂತಿಯ ದಿನವೂ ಹೌದು. ಸಾರ್ವಜನಿಕ ಉತ್ಸವದ ರೂಪದಲ್ಲಿ ಇದನ್ನು 1913ರಲ್ಲಿ ದಾವಣಗೆರೆಯಲ್ಲಿ ಆರಂಭಿಸಿದವರು ಹರ್ಡೇಕರ ಮಂಜಪ್ಪನವರು. ರೈತರು ಈ ದಿನ ಎತ್ತುಗಳನ್ನು ಪೂಜಿಸುವ ರೂಢಿಯೂ ನಾಡಿನ ಹಲವೆಡೆ ಇದೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ವೃಷಭವು ಆದಿನಾಥರ ಲಾಂಛನ. ‘ಬಸವ’ ಶಬ್ದವು ‘ವೃಷಭ’ದ ತದ್ಭವ. ಈ ಸಾಮ್ಯವನ್ನು ಮುಂದಿಟ್ಟುಕೊಂಡು ಒಂದು ಪರಂಪರೆಯ ಪರ್ವದಿಂದ ಇನ್ನೊಂದು ಹುಟ್ಟಿತೆಂದು ಹೇಳುವ ಆತುರಕ್ಕೆ ಒಳಗಾಗಬಾರದು. ಹೆಸರು ಲಾಂಛನಗಳ ಹೋಲಿಕೆಯು ಐತಿಹಾಸಿಕ ಸಂಬಂಧಕ್ಕೆ ಆಧಾರವಾಗಲಾರದು. ಒಂದೇ ತಿಥಿಯಲ್ಲಿ ಹಲವು ಆಚರಣೆಗಳು ಕೂಡುವುದು ಬೇರೆ. ಅವು ಒಂದರಿಂದೊಂದು ಹೊರಡುವುದು ಬೇರೆ.

ಯುಗಾದಿಯ ವಿಷಯದಲ್ಲಿ ಈ ಭೇದವು ಸ್ಪಷ್ಟವಾಗಿ ಕಾಣಿಸುತ್ತದೆ. ವೃಷಭದೇವನು ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಉಪದೇಶಿಸಿ ಕೃತಯುಗವನ್ನು ಆರಂಭಿಸಿದನೆಂದು ಜಿನಸೇನಾಚಾರ್ಯರು ಮಹಾಪುರಾಣದ 16ನೆಯ ಪರ್ವದಲ್ಲಿ ಹೇಳುವರಷ್ಟೆ. ಅಲ್ಲಿ ಅವರು ಕೊಡುವ ತಿಥಿ ಆಷಾಢ ಬಹುಳ ಪ್ರತಿಪದೆ. ವೈಶಾಖ ಶುಕ್ಲ ತೃತೀಯೆಯಲ್ಲ. ಎಂದರೆ, ವೈಶಾಖ ತೃತೀಯೆಯನ್ನು ಯುಗದ ಆದಿಯೆಂದು ಭಾವಿಸುವ ವೈದಿಕ ಕಲ್ಪನೆಯನ್ನು ಜೈನಪರಂಪರೆಯು ಎರವಲಾಗಿ ಪಡೆದು ಅದಕ್ಕೊಂದು ಕಥೆಯನ್ನು ಜೋಡಿಸಿತೆಂಬ ವಾದಕ್ಕೆ ಇಲ್ಲಿ ಅವಕಾಶವಿಲ್ಲ. ಜೈನರಲ್ಲಿ ಯುಗಾರಂಭಕ್ಕೆ ಬೇರೆ ತಿಥಿ, ದಾನಾರಂಭಕ್ಕೆ ಬೇರೆ ತಿಥಿ.

3. ಕಥನದ ಆಧಾರಗಳು

ಶ್ರೇಯಾಂಸನ ದಾನವೃತ್ತಾಂತವು ಉಭಯ ಸಂಪ್ರದಾಯಗಳಲ್ಲಿಯೂ ಪ್ರಾಚೀನವಾದುದು. ಶ್ವೇತಾಂಬರರಲ್ಲಿ ಆವಶ್ಯಕ ನಿರ್ಯುಕ್ತಿ, ಸಂಘದಾಸಗಣಿಗಳ ವಸುದೇವಹಿಂಡಿ, ಹೇಮಚಂದ್ರಾಚಾರ್ಯರ ತ್ರಿಷಷ್ಟಿಶಲಾಕಾಪುರುಷಚರಿತ ಇವು ಮುಖ್ಯ ಆಕರಗಳು. ದಿಗಂಬರರಲ್ಲಿ ಪುನ್ನಾಟ ಸಂಘದ ಜಿನಸೇನರು ಶಕ 705ರಲ್ಲಿ (ಕ್ರಿ.ಶ. 783) ಮುಗಿಸಿದ ಹರಿವಂಶಪುರಾಣ, ಹಾಗೂ ವೀರಸೇನಶಿಷ್ಯ ಜಿನಸೇನರು ರಚಿಸಿ ಗುಣಭದ್ರರು ಪೂರ್ಣಗೊಳಿಸಿದ ಮಹಾಪುರಾಣ ಇವು ಪ್ರಮುಖವಾದುವು. ಕನ್ನಡಿಗರಿಗೆ ಈ ವೃತ್ತಾಂತವನ್ನು ದೇಶಭಾಷೆಯಲ್ಲಿ ತಲುಪಿಸಿದವರು ಆದಿಪುರಾಣದ (ಕ್ರಿ.ಶ. 941) ಪಂಪನೂ ತ್ರಿಷಷ್ಟಿಲಕ್ಷಣಮಹಾಪುರಾಣದ (ಕ್ರಿ.ಶ. 978) ಚಾವುಂಡರಾಯನೂ ಆಗಿದ್ದಾರೆ.

ಮಹಾಪುರಾಣದ 20ನೆಯ ಪರ್ವದಲ್ಲಿ ಬರುವ ಕಥಾಸಾರ ಹೀಗಿದೆ. ದೀಕ್ಷೆಯ ಸಮಯದಲ್ಲಿಯೇ ಭಗವಂತನು ಆರು ತಿಂಗಳ ಅನಶನವನ್ನು ಸಂಕಲ್ಪಿಸಿ ಪ್ರತಿಮಾಯೋಗದಲ್ಲಿ ನಿಂತನು. ಅವನೊಡನೆ ದೀಕ್ಷಿತರಾದ ನಾಲ್ಕು ಸಹಸ್ರ ಅರಸರು ಹಸಿವು ತೃಷೆಗಳನ್ನು ತಾಳಲಾರದೆ ಮಾರ್ಗಭ್ರಷ್ಟರಾದರು. ಆರು ತಿಂಗಳು ಕಳೆದ ಮೇಲೆ, ಮುಂದಿನ ಯತಿಗಳಿಗೆ ಚರ್ಯಾಮಾರ್ಗವನ್ನು ತೋರಿಸುವುದಕ್ಕಾಗಿ ಭಗವಂತನು ಆಹಾರಕ್ಕೆ ಹೊರಟನು. ಆದರೆ ಮುನಿಗೆ ಆಹಾರವನ್ನು ಕೊಡುವ ವಿಧಿಯನ್ನು ಬಲ್ಲವರು ಆಗ ಯಾರೂ ಇರಲಿಲ್ಲ. ಜನರು ರತ್ನಗಳನ್ನು ತಂದರು, ವಸ್ತ್ರಾಭರಣಗಳನ್ನು ತಂದರು, ವಾಹನಗಳನ್ನು ತಂದರು, ಕನ್ಯೆಯರನ್ನು ಕೂಡ ಕರೆತಂದರು. ಭಗವಂತನು ಯಾವುದನ್ನೂ ಸ್ವೀಕರಿಸದೆ ಮೌನದಿಂದ ಮುಂದೆ ನಡೆದನು. ಹೀಗೆ ವಿಹರಿಸುತ್ತ ಕುರುಜಾಂಗಲದ ಹಸ್ತಿನಾಪುರಕ್ಕೆ ಬಂದನು.

ಅಲ್ಲಿನ ಅರಸ ಸೋಮಪ್ರಭ; ಅವನ ಅನುಜ ಶ್ರೇಯಾಂಸ. ಶ್ವೇತಾಂಬರ ಪರಂಪರೆಯಲ್ಲಿ ಶ್ರೇಯಾಂಸನು ಬಾಹುಬಲಿಯ ವಂಶದವನಾಗಿ ಬರುತ್ತಾನೆ. ಸಂಬಂಧದಲ್ಲಿ ಭೇದವಿದ್ದರೂ ದಾನದ ವಿಷಯದಲ್ಲಿ ಭೇದವಿಲ್ಲ. ಹಿಂದಿನ ರಾತ್ರಿ ಶುಭಸ್ವಪ್ನಗಳನ್ನು ಕಂಡಿದ್ದ ಶ್ರೇಯಾಂಸನಿಗೆ ಭಗವಂತನ ರೂಪವನ್ನು ನೋಡಿದೊಡನೆ ಜಾತಿಸ್ಮರಣವಾಯಿತು. ಹಿಂದೆ ವಜ್ರಜಂಘ ಶ್ರೀಮತಿಯರಾಗಿದ್ದಾಗ ತಾವಿಬ್ಬರೂ ಚಾರಣಮುನಿಗಳಿಗೆ ಆಹಾರವನ್ನು ನೀಡಿದ್ದುದು ನೆನಪಿಗೆ ಬಂತು. ಆ ವಜ್ರಜಂಘನೇ ಈಗಿನ ವೃಷಭನಾಥ. ಆ ಶ್ರೀಮತಿಯೇ ಈಗಿನ ಶ್ರೇಯಾಂಸ. ಪಂಪನ ಕಾವ್ಯವನ್ನು ಓದಿದ ಕನ್ನಡ ವಾಚಕನಿಗೆ ಈ ನೆನಪಿನ ಬೆಲೆ ಚೆನ್ನಾಗಿ ತಿಳಿಯುತ್ತದೆ; ಲಲಿತಾಂಗ ಸ್ವಯಂಪ್ರಭೆಯರ, ವಜ್ರಜಂಘ ಶ್ರೀಮತಿಯರ ಭವಾವಳಿಯನ್ನು ಅವನು ಆಗಲೇ ವಿಸ್ತಾರವಾಗಿ ಕಂಡಿರುತ್ತಾನೆ. ಶ್ರೇಯಾಂಸನು ವಿಧಿಪೂರ್ವಕವಾಗಿ ಪಡಿಗಾಪಿಸಿ ಪಾಣಿಪಾತ್ರದಲ್ಲಿ ಇಕ್ಷುರಸವನ್ನು ಎರೆದನು. ರತ್ನವೃಷ್ಟಿ, ಪುಷ್ಪವೃಷ್ಟಿ, ದುಂದುಭಿನಾದ, ಮಂದಮಾರುತ, ಅಹೋದಾನವೆಂಬ ಘೋಷ ಎಂಬ ಪಂಚಾಶ್ಚರ್ಯಗಳಾದುವು. ಭರತಚಕ್ರವರ್ತಿಯೇ ಬಂದು ಶ್ರೇಯಾಂಸನನ್ನು ಸತ್ಕರಿಸಿ ದಾನವಿಧಿಯನ್ನು ಕೇಳಿ ತಿಳಿದನು.

ಈ ದಾನವನ್ನು ತಿಥಿಯೊಡನೆಯೂ ಪರ್ವದ ಹೆಸರಿನೊಡನೆಯೂ ಕೂಡಿಸಿ ಸ್ಪಷ್ಟವಾಗಿ ಹೇಳುವ ಆಚಾರ್ಯರಲ್ಲಿ ಹೇಮಚಂದ್ರರು (ಕ್ರಿ.ಶ. 1089–1172) ಗಣ್ಯರು. ತ್ರಿಷಷ್ಟಿಯ ಪ್ರಥಮ ಪರ್ವದ ಮೂರನೆಯ ಸರ್ಗದಲ್ಲಿ ಅವರು ಬಳಸುವ ಮಾಸನಾಮ ‘ರಾಧ’. ಇದು ವೈಶಾಖದ ಪರ್ಯಾಯ. ಚೈತ್ರಕ್ಕೆ ‘ಮಧು’, ವೈಶಾಖಕ್ಕೆ ‘ಮಾಧವ’, ‘ರಾಧ’ ಎಂಬ ಪರ್ಯಾಯಗಳನ್ನು ಅರಿಯದ ಲಿಪಿಕಾರನು ಇಂಥ ಸ್ಥಳಗಳಲ್ಲಿ ಎಡವುವ ಸಂಭವವಿರುವುದರಿಂದ ಸಂಪಾದಕರು ಇಲ್ಲಿ ಎಚ್ಚರದಿಂದಿರುವುದು ಲೇಸು. ಆ ದಿನ ಕೊಟ್ಟ ದಾನವು ಅಕ್ಷಯವಾದುದರಿಂದ ಪರ್ವಕ್ಕೆ ಆ ಹೆಸರು ಬಂದು ಇಂದಿಗೂ ನಡೆದಿದೆಯೆಂಬುದು ಅವರ ಮಾತಿನ ತಾತ್ಪರ್ಯ. ಈ ನಿರುಕ್ತಿಯ ಮಹತ್ತ್ವವನ್ನು ಮುಂದೆ ನೋಡೋಣ.

4. ಸಂವತ್ಸರವೋ, ಹದಿಮೂರು ತಿಂಗಳೋ?

ಈಗ ಕಾಲಗಣನೆಯ ಪ್ರಶ್ನೆಗೆ ಬರಬಹುದು. ಮಹಾಪುರಾಣದ 17ನೆಯ ಪರ್ವದಂತೆ ವೃಷಭನಾಥರ ದೀಕ್ಷೆ ಚೈತ್ರ ಕೃಷ್ಣ ನವಮಿಯ ಸಾಯಂಕಾಲ, ಉತ್ತರಾಷಾಢಾ ನಕ್ಷತ್ರದಲ್ಲಿ ನಡೆಯಿತು. ಪಾರಣೆ ವೈಶಾಖ ಶುಕ್ಲ ತೃತೀಯೆಯಂದು. ಇವೆರಡರ ನಡುವಣ ಕಾಲವೆಷ್ಟು?

ಕರ್ನಾಟಕದ ಪಂಚಾಂಗವು ಅಮಾಂತ; ಇಲ್ಲಿ ಮಾಸವು ಶುಕ್ಲ ಪ್ರತಿಪದೆಯಿಂದ ತೊಡಗಿ ಅಮಾವಾಸ್ಯೆಗೆ ಮುಗಿಯುತ್ತದೆ. ಈ ಗಣನೆಯಲ್ಲಿ ಚೈತ್ರ ಬಹುಳವು ಚೈತ್ರ ಶುದ್ಧದ ಅನಂತರ ಬರುವ ಪಕ್ಷ. ಆ ಪಕ್ಷದ ನವಮಿಯಿಂದ ಮರುವರ್ಷದ ಅದೇ ನವಮಿಗೆ ಹನ್ನೆರಡು ತಿಂಗಳು. ಅಲ್ಲಿಂದ ಅಮಾವಾಸ್ಯೆಗೆ ಆರು ತಿಥಿ. ಮುಂದೆ ವೈಶಾಖ ಶುಕ್ಲ ತೃತೀಯೆಗೆ ಮೂರು ತಿಥಿ. ಒಟ್ಟು ಹನ್ನೆರಡು ತಿಂಗಳು ಒಂಬತ್ತು ತಿಥಿ.

ಉತ್ತರ ಭಾರತದ ಪಂಚಾಂಗವು ಪೂರ್ಣಿಮಾಂತ. ಅಲ್ಲಿ ಮಾಸವು ಕೃಷ್ಣ ಪ್ರತಿಪದೆಯಿಂದ ತೊಡಗಿ ಹುಣ್ಣಿಮೆಗೆ ಮುಗಿಯುತ್ತದೆ. ಈ ಗಣನೆಯ ಚೈತ್ರ ಕೃಷ್ಣವು ನಮ್ಮ ಪಂಚಾಂಗದ ಫಾಲ್ಗುಣ ಬಹುಳವೇ. ಆ ನವಮಿಯಿಂದ ಮರುವರ್ಷದ ಚೈತ್ರ ಕೃಷ್ಣ ನವಮಿಗೆ ಹನ್ನೆರಡು ತಿಂಗಳು. ವೈಶಾಖ ಕೃಷ್ಣ ನವಮಿಗೆ ಹದಿಮೂರು ತಿಂಗಳು. ಅಲ್ಲಿಂದ ವೈಶಾಖ ಶುಕ್ಲ ತೃತೀಯೆಗೆ ಒಂಬತ್ತು ತಿಥಿ. ಒಟ್ಟು ಹದಿಮೂರು ತಿಂಗಳು ಒಂಬತ್ತು ತಿಥಿ.

ಹೀಗೆ ಒಂದೇ ವಾಕ್ಯವನ್ನು ಎರಡು ಗಣನೆಗಳಿಂದ ಓದಿದಾಗ ಒಂದು ಪೂರ್ಣ ಮಾಸದ ಅಂತರ ಬೀಳುತ್ತದೆ. ಅಮಾಂತದ ಓದು ‘ಒಂದು ಸಂವತ್ಸರ’ ಎಂಬ ಮಾತಿಗೆ ಹತ್ತಿರವಾಗಿರುವುದರಿಂದ ಅದೇ ಸರಿಯೆಂದು ಕನ್ನಡ ವಾಚಕನಿಗೆ ಸಹಜವಾಗಿಯೇ ತೋರಬಹುದು. ಆದರೆ ಈ ಸಾಮ್ಯವು ಮೇಲುನೋಟದ್ದು. ಇದನ್ನು ನಿರ್ಣಯಿಸಲು ಮೂರು ಆಧಾರಗಳಿವೆ.

ಮೊದಲನೆಯದು ಕಲ್ಪಸೂತ್ರದ ಪಕ್ಷಕ್ರಮ. ಅಲ್ಲಿ ವೃಷಭನಾಥರ ದೀಕ್ಷೆಯ ತಿಥಿ ಚೈತ್ರ ಬಹುಳ ಅಷ್ಟಮಿ. ಆ ಪಕ್ಷವನ್ನು ಗ್ರೀಷ್ಮದ ಪ್ರಥಮ ಮಾಸದ ಪ್ರಥಮ ಪಕ್ಷವೆಂದು ಸೂತ್ರವು ಹೇಳುತ್ತದೆ. ಮಹಾವೀರರ ಜನ್ಮತಿಥಿಯಿರುವ ಚೈತ್ರ ಶುದ್ಧವನ್ನು ಅದೇ ಮಾಸದ ದ್ವಿತೀಯ ಪಕ್ಷವೆಂದು ಕರೆಯುತ್ತದೆ. ಮಹಾವೀರ ನಿರ್ವಾಣದ ಕಾರ್ತಿಕ ಬಹುಳವು ವರ್ಷಾಕಾಲದ ನಾಲ್ಕನೆಯ ಮಾಸದ, ಮೊದಲಿಂದ ಏಳನೆಯ ಪಕ್ಷ. ಬಹುಳ ಮೊದಲು, ಶುದ್ಧ ಆಮೇಲೆ ಎಂಬ ಈ ಕ್ರಮವು ಪೂರ್ಣಿಮಾಂತದಲ್ಲಿ ಮಾತ್ರ ಸಾಧ್ಯ. ವರ್ಷವನ್ನು ಮೂರು ಋತುಗಳಾಗಿ ವಿಭಾಗಿಸುವ ಆ ಗಣನೆಯಲ್ಲಿ ಚೈತ್ರವು ಗ್ರೀಷ್ಮಕ್ಕೆ ಸೇರಿದ್ದು, ಆರು ಋತುಗಳ ಗಣನೆಯಲ್ಲಿ ವಸಂತಕ್ಕೆ ಸೇರುತ್ತದೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು.

ಎರಡನೆಯದು ನಕ್ಷತ್ರದ ಸಾಕ್ಷ್ಯ. ಮಹಾವೀರ ನಿರ್ವಾಣವು ಕಾರ್ತಿಕ ಕೃಷ್ಣ ಚತುರ್ದಶಿಯ ರಾತ್ರಿಯ ಅಂತ್ಯದಲ್ಲಿ ಸ್ವಾತಿ ನಕ್ಷತ್ರದಲ್ಲಿ ಆಯಿತೆಂದು ಉತ್ತರಪುರಾಣದಲ್ಲಿ ಗುಣಭದ್ರರು ಹೇಳುತ್ತಾರೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಚಂದ್ರನು ಸೂರ್ಯನ ಸಮೀಪದಲ್ಲಿರುವನು. ಆದುದರಿಂದ ಸ್ವಾತಿಯೋಗವು ಸೂರ್ಯನು ತುಲೆಯ ಪರಿಸರದಲ್ಲಿದ್ದಾಗ, ಎಂದರೆ ನಮ್ಮ ಆಶ್ವಯುಜ ಬಹುಳದ ಕೊನೆಯಲ್ಲಿ ಮಾತ್ರ ಸಂಭವಿಸುತ್ತದೆ. ಅಮಾಂತ ಕಾರ್ತಿಕದ ಅಮಾವಾಸ್ಯೆಯ ಹೊತ್ತಿಗೆ ಸೂರ್ಯನು ವೃಶ್ಚಿಕದಲ್ಲಿರುವುದರಿಂದ ಸ್ವಾತಿಗೆ ಅಲ್ಲಿ ಎಡೆಯಿಲ್ಲ. ಕರ್ನಾಟಕದ ಜೈನರು ನಿರ್ವಾಣೋತ್ಸವವನ್ನು ಆಶ್ವಯುಜದ ದೀಪಾವಳಿಯೊಡನೆ ಆಚರಿಸುವುದೂ ಇದಕ್ಕೆ ಅನುಗುಣವಾಗಿಯೇ ಇದೆ. ರಾಷ್ಟ್ರಕೂಟರ ನಾಡಿನಲ್ಲಿದ್ದು ಬರೆದ ಗುಣಭದ್ರರು ಕಲ್ಯಾಣಕ ತಿಥಿಯನ್ನು ಪ್ರಾಚೀನ ಆಗಮಪರಂಪರೆಯ ಮಾಸನಾಮದಿಂದಲೇ ಹೇಳಿದರೆಂಬುದು ಇದರಿಂದ ಸಿದ್ಧವಾಗುತ್ತದೆ.

ವೃಷಭನಾಥರ ದೀಕ್ಷಾನಕ್ಷತ್ರವಾದ ಉತ್ತರಾಷಾಢೆಯು ಇಷ್ಟು ನಿರ್ಣಾಯಕವಲ್ಲವೆಂಬುದನ್ನೂ ಹೇಳಬೇಕು. ಅಧಿಕಮಾಸದ ಹೊಂದಾಣಿಕೆಯಿಂದಾಗಿ ಆ ನಕ್ಷತ್ರವು ಕೆಲವು ವರ್ಷಗಳಲ್ಲಿ ಫಾಲ್ಗುಣ ಬಹುಳ ನವಮಿಗೂ ಕೆಲವು ವರ್ಷಗಳಲ್ಲಿ ಚೈತ್ರ ಬಹುಳ ನವಮಿಗೂ ಕೂಡಿಬರಬಹುದು. ಆದರೆ ಉಭಯ ಸಂಪ್ರದಾಯಗಳೂ ದೀಕ್ಷೆಗೆ ಉತ್ತರಾಷಾಢೆಯನ್ನೇ ಹೇಳುತ್ತವೆ. ತಿಥಿಯಲ್ಲಿ ಮಾತ್ರ ಅಷ್ಟಮಿ ನವಮಿಗಳ ಒಂದು ದಿನದ ಅಂತರವಿದೆ. ಕಲ್ಪಸೂತ್ರದ ಅಷ್ಟಮಿ ಪೂರ್ಣಿಮಾಂತದ್ದೆಂಬುದು ನಿಶ್ಚಿತ. ಮಹಾಪುರಾಣದ ನವಮಿಯನ್ನು ಅಮಾಂತದ್ದೆಂದು ಓದಿದರೆ ಒಂದೇ ಸ್ಮೃತಿಯ ಈ ಎರಡು ರೂಪಗಳ ನಡುವೆ ಒಂದು ತಿಂಗಳು ಒಂದು ದಿನದ ಬಿರುಕು ಬೀಳುತ್ತದೆ. ಸಮಾನ ನಕ್ಷತ್ರದ ಉಲ್ಲೇಖವೂ ಅರ್ಥ ಕಳೆದುಕೊಳ್ಳುತ್ತದೆ. ಪೂರ್ಣಿಮಾಂತವೆಂದು ಓದಿದರೆ ಅಂತರವು ಒಂದೇ ತಿಥಿಯದಾಗಿ ಉಳಿಯುತ್ತದೆ. ಇದೇ ಯುಕ್ತವಾದ ಓದು.

ಮೂರನೆಯದು ಆಚರಣೆಯ ಸಾಕ್ಷ್ಯ. ದಿಗಂಬರ ಪರಂಪರೆಯಲ್ಲಿ ರೂಢವಾಗಿರುವ ಒಂದು ಎಣಿಕೆಯಂತೆ ಭಗವಂತನು ಆರು ತಿಂಗಳು ಸಂಕಲ್ಪಿತ ಅನಶನದಲ್ಲಿಯೂ ಏಳು ತಿಂಗಳು ಒಂಬತ್ತು ದಿನ ಆಹಾರದ ಅಲಾಭದಲ್ಲಿಯೂ ಇದ್ದನು. ಎರಡನ್ನೂ ಕೂಡಿಸಿದರೆ ಹದಿಮೂರು ತಿಂಗಳು ಒಂಬತ್ತು ದಿನ. ಇದು ಮೇಲಿನ ಪೂರ್ಣಿಮಾಂತ ಗಣನೆಗೆ ತಿಥಿ ತಿಥಿಯಾಗಿ ಹೊಂದುತ್ತದೆ. ಶ್ವೇತಾಂಬರರಲ್ಲಿ ಒಂದು ದಿನ ಉಪವಾಸ, ಮರುದಿನ ಪಾರಣೆ ಎಂಬ ಕ್ರಮದ ವರ್ಷೀತಪವು ಬಳಕೆಯಲ್ಲಿದೆ. ಗುಜರಾತಿನ ಪಂಚಾಂಗವೂ ನಮ್ಮಂತೆ ಅಮಾಂತ. ಅಲ್ಲಿನ ತಪಸ್ವಿಗಳು ಈ ತಪವನ್ನು ಆರಂಭಿಸುವುದು ಚೈತ್ರದಲ್ಲಲ್ಲ, ಫಾಲ್ಗುಣ ಬಹುಳ ಅಷ್ಟಮಿಯಂದು. ಹದಿಮೂರು ತಿಂಗಳು ಮೀರಿ ನಡೆಯುವ ಆ ತಪವು ಮರುವರ್ಷದ ಅಕ್ಷಯ ತೃತೀಯೆಯಂದು ಹಸ್ತಿನಾಪುರದಲ್ಲಿ, ಶತ್ರುಂಜಯದಲ್ಲಿ, ಅಥವಾ ತಮ್ಮ ಊರುಗಳಲ್ಲಿ ಇಕ್ಷುರಸದಿಂದ ಮುಗಿಯುತ್ತದೆ. ‘ವರ್ಷೀತಪ’ವೆಂಬ ಹೆಸರು ಒಂದು ವರ್ಷವನ್ನು ಹೇಳುತ್ತಿದ್ದರೂ ಆಚರಣೆಯು ಹದಿಮೂರು ತಿಂಗಳನ್ನು ಉಳಿಸಿಕೊಂಡಿದೆ.

ಇದರಿಂದ ಸಂವತ್ಸರ ಪಕ್ಷವೂ ಹದಿಮೂರು ತಿಂಗಳ ಪಕ್ಷವೂ ವಿರುದ್ಧವಲ್ಲವೆಂದು ತಿಳಿಯುತ್ತದೆ. ಸಂವತ್ಸರವೆಂಬುದು ಸ್ಥೂಲಗಣನೆ. ಉಳಿದ ತೀರ್ಥಂಕರರಿಗೆ ಅಲ್ಪಕಾಲದಲ್ಲಿಯೇ ಭಿಕ್ಷೆ ದೊರೆಯಿತು, ಆದಿನಾಥರಿಗೆ ಮಾತ್ರ ಸಂವತ್ಸರವೇ ಬೇಕಾಯಿತು ಎಂಬ ವ್ಯತ್ಯಾಸವನ್ನು ತೋರಿಸುವುದು ಆವಶ್ಯಕ ನಿರ್ಯುಕ್ತಿಯ ಉದ್ದೇಶ; ತಿಥಿಯನ್ನು ಎಣಿಸುವುದಲ್ಲ. ಹದಿಮೂರು ತಿಂಗಳು ಒಂಬತ್ತು ತಿಥಿ ಎಂಬುದು ಸೂಕ್ಷ್ಮಗಣನೆ. ಈ ಲೆಕ್ಕವೆಲ್ಲ ಗ್ರಂಥಗಳು ಹೇಳುವ ತಿಥಿಗಳ ಪರಸ್ಪರ ಸಂಗತಿಯನ್ನು ಕುರಿತದ್ದೇ ಹೊರತು ತೃ‍ತೀಯ ಕಾಲದ ಅಂತ್ಯದಲ್ಲಿ ನಡೆದ ಘಟನೆಗೆ ಖಗೋಳಗಣಿತದಿಂದ ಕಾಲನಿರ್ಣಯ ಮಾಡುವ ಪ್ರಯತ್ನವಲ್ಲ.

5. ಹಸ್ತಪ್ರತಿಗಳ ಓದಿಗೆ ಇದರಿಂದಾಗುವ ಪ್ರಯೋಜನ

ಶುಕ್ಲಪಕ್ಷದ ತಿಥಿಗಳಿಗೆ ಎರಡು ಗಣನೆಗಳಲ್ಲಿಯೂ ಮಾಸನಾಮ ಒಂದೇ. ಅಕ್ಷಯ ತೃತೀಯೆಯನ್ನಾಗಲಿ ಚೈತ್ರ ಶುಕ್ಲ ತ್ರಯೋದಶಿಯ ಮಹಾವೀರ ಜಯಂತಿಯನ್ನಾಗಲಿ ಆಚರಿಸುವಲ್ಲಿ ಉತ್ತರ ದಕ್ಷಿಣಗಳಿಗೆ ವ್ಯತ್ಯಾಸ ಬಾರದಿರುವುದಕ್ಕೆ ಇದೇ ಕಾರಣ. ತೊಡಕು ಬರುವುದು ಕೃಷ್ಣಪಕ್ಷದಲ್ಲಿ. ಕನ್ನಡ ನಾಡಿನಲ್ಲಿ ಪ್ರತಿಯಾದ ಒಂದು ಸಂಸ್ಕೃತ ಪುರಾಣದ ಓಲೆಗರಿಯ ಕಟ್ಟನ್ನು ತೆಗೆದುಕೊಂಡರೆ, ಮೂಲಪಾಠದಲ್ಲಿರುವ ಕಲ್ಯಾಣಕದ ‘ಚೈತ್ರ ಕೃಷ್ಣ’ವು ಪೂರ್ಣಿಮಾಂತದ್ದಾಗಿಯೂ, ಕೊನೆಯ ಪುಷ್ಪಿಕೆಯಲ್ಲಿ ಲಿಪಿಕಾರನು ತಾನು ಬರೆದು ಮುಗಿಸಿದ ದಿನವನ್ನು ಹೇಳುವ ‘ಚೈತ್ರ ಬಹುಳ’ವು ಅಮಾಂತದ್ದಾಗಿಯೂ ಇರುವುದು ಸಂಭವ. ಒಂದೇ ಕಟ್ಟಿನಲ್ಲಿ ಎರಡು ಗಣನೆಗಳು! ಪುಷ್ಪಿಕೆಯಲ್ಲಿ ಶಕವರ್ಷ, ಸಂವತ್ಸರನಾಮ, ವಾರಗಳಿದ್ದರೆ ವಾರದ ನೆರವಿನಿಂದ ಗಣನೆಯನ್ನು ಪರೀಕ್ಷಿಸಬಹುದು. ಮೂಲಪಾಠದಲ್ಲಿ ವಾರವಿಲ್ಲದೆಡೆ ನಕ್ಷತ್ರವೊಂದೇ ನೆರವು. ಆದುದರಿಂದ ನಕ್ಷತ್ರನಾಮಗಳ ಪಾಠಾಂತರಗಳನ್ನು ಅಲ್ಪವೆಂದು ಅಡಿಟಿಪ್ಪಣಿಯಿಂದ ಬಿಡುವುದು ಸಲ್ಲದು.

ಕಲ್ಯಾಣಕ ತಿಥಿಗಳ ವಿಷಯದಲ್ಲಿ ಪೂರ್ಣಿಮಾಂತವು ಸಿದ್ಧವಾದರೂ ಪುರಾಣದ ಎಲ್ಲ ತಿಥಿಗಳಿಗೂ ಅದನ್ನೇ ಕಣ್ಣುಮುಚ್ಚಿ ಅನ್ವಯಿಸಲಾಗದು. ಮೇಲೆ ಹೇಳಿದ ಕೃತಯುಗಾರಂಭದ ಆಷಾಢ ಬಹುಳ ಪ್ರತಿಪದೆಯನ್ನೇ ನೋಡಬಹುದು. ತಿಲೋಯಪಣ್ಣತ್ತಿಯಲ್ಲಿ ಯುಗದ ಆದಿಯು ಶ್ರಾವಣ ಬಹುಳ ಪ್ರತಿಪದೆ, ಅಭಿಜಿತ್ ನಕ್ಷತ್ರ. ವೀರಶಾಸನ ಜಯಂತಿಯೂ ಅದೇ ದಿನ. ಪೂರ್ಣಿಮಾಂತದ ಶ್ರಾವಣ ಬಹುಳ ಪ್ರತಿಪದೆಯು ಅಮಾಂತದಲ್ಲಿ ಆಷಾಢ ಬಹುಳ ಪ್ರತಿಪದೆಯೇ ಆಗುತ್ತದೆ. ಅಮಾಂತ ಗಣನೆಯ ನಾಡಿನಲ್ಲಿ ಬರೆದ ಜಿನಸೇನರು ಇಲ್ಲಿ ದೇಶರೂಢಿಯ ಮಾಸನಾಮವನ್ನು ಬಳಸಿದ್ದಾರೆಂದು ಗ್ರಹಿಸಿದರೆ ಎರಡು ಗ್ರಂಥಗಳ ಯುಗಾದಿಗಳೂ ಒಂದೇ ದಿನದಲ್ಲಿ ಕೂಡುತ್ತವೆ. ಇದು ಪಂಡಿತರು ವಿಚಾರಿಸಬೇಕಾದ ಅಂಶ. ಪ್ರತಿಯೊಂದು ಕೃಷ್ಣಪಕ್ಷದ ತಿಥಿಯನ್ನೂ ಅದರ ನಕ್ಷತ್ರದೊಡನೆಯೂ ಸಮಾನ ಆಕರಗಳೊಡನೆಯೂ ತೂಗಿ ನೋಡಬೇಕೆಂಬುದು ಇದರ ಫಲಿತಾರ್ಥ.

ಹೀಗೆಯೇ ಕನ್ನಡ ಟೀಕೆಯೊಂದರಲ್ಲಿ ‘ಚೈತ್ರ ಕೃಷ್ಣ’ಕ್ಕೆ ‘ಫಾಲ್ಗುಣ ಬಹುಳ’ವೆಂಬ ಅರ್ಥ ಕಂಡರೆ ಅದನ್ನು ಸ್ಖಾಲಿತ್ಯವೆಂದು ತಿದ್ದಬಾರದು, ಅದು ಟೀಕಾಕಾರನ ತಿಳಿವಳಿಕೆಯ ಗುರುತು. ಆಚರಣೆಯ ದೃಷ್ಟಿಯಿಂದಲೂ ಇದು ಮುಖ್ಯ. ಆದಿನಾಥರ ಜನ್ಮಕಲ್ಯಾಣಕ ದೀಕ್ಷಾಕಲ್ಯಾಣಕಗಳೆರಡೂ ಚೈತ್ರ ಕೃಷ್ಣ ನವಮಿಯೇ ಆದುದರಿಂದ, ಕರ್ನಾಟಕದ ಪಂಚಾಂಗದಲ್ಲಿ ಅವು ಫಾಲ್ಗುಣ ಬಹುಳ ನವಮಿಯಂದು, ಯುಗಾದಿಗೆ ಮೊದಲೇ ಸಲ್ಲತಕ್ಕವು. ಮಾಸನಾಮವನ್ನು ಮಾತ್ರ ನೋಡಿ ನಮ್ಮ ಚೈತ್ರ ಬಹುಳದಲ್ಲಿ ಗುರುತಿಸಿದರೆ ಒಂದು ತಿಂಗಳು ತಡವಾಗುವುದಲ್ಲದೆ ಸಂವತ್ಸರವೇ ಬದಲಾಗುತ್ತದೆ.

6. ಅಕ್ಷಯತ್ವ ಎಲ್ಲಿದೆ?

ಇನ್ನು ಅರ್ಥದ ಪ್ರಶ್ನೆ. ‘ಅಕ್ಷಯ’, ‘ಅಕ್ಷತ’ ಎಂಬೆರಡು ಸಂಸ್ಕೃತ ಶಬ್ದಗಳಿಗೂ ಪ್ರಾಕೃತದಲ್ಲಿ ‘ಅಕ್ಖಯ’ ಎಂಬ ಒಂದೇ ರೂಪ ಸಿದ್ಧಿಸುತ್ತದೆ. ‘ಅಕ್ಷತ’ದ ತಕಾರವು ಲೋಪವಾಗಿ ಯಶ್ರುತಿ ಬರುವುದು ಮಹಾರಾಷ್ಟ್ರೀ ಪ್ರಾಕೃತದ ನಿಯಮವಷ್ಟೆ. ಆದುದರಿಂದ ಅಕ್ಷತೆಯ ಪೂಜೆಯೂ ಅಕ್ಷಯ ಫಲದ ಭಾವನೆಯೂ ಒಂದೇ ಹೆಸರಿನಡಿಯಲ್ಲಿ ಬೆರೆಯುವುದಕ್ಕೆ ಭಾಷೆಯೇ ಅನುವು ಮಾಡಿಕೊಟ್ಟಿದೆ. ಕನ್ನಡದ ‘ಅಕ್ಷತದಿಗೆ’ಯಲ್ಲಿಯೂ ಈ ಎರಡೂ ಧ್ವನಿಗಳಿವೆ.

ಆದರೆ ಶಬ್ದ ಒಂದಾದರೂ ಭಾವನೆ ಒಂದಲ್ಲ. ಯುಗಾದಿ ತಿಥಿಗಳ ಕಲ್ಪನೆಯಲ್ಲಿ ಕಾಲವೇ ಪ್ರಧಾನ: ತಿಥಿಯು ಪುಣ್ಯಕರವಾದುದರಿಂದ ಆ ದಿನ ಮಾಡಿದ ಸ್ನಾನ, ದಾನ, ಶ್ರಾದ್ಧಗಳು ಅಕ್ಷಯವಾಗುತ್ತವೆ. ಹೇಮಚಂದ್ರರ ನಿರುಕ್ತಿಯಲ್ಲಿ ಕ್ರಮವು ತಿರುಗುಮುರುಗಾಗಿದೆ: ದಾನವು ಅಕ್ಷಯವಾದುದರಿಂದ ತಿಥಿಗೆ ಆ ಹೆಸರು. ಮೊದಲನೆಯದರಲ್ಲಿ ತಿಥಿಯು ದಾನವನ್ನು ಪಾವನಗೊಳಿಸುತ್ತದೆ. ಎರಡನೆಯದರಲ್ಲಿ ದಾನವು ತಿಥಿಯನ್ನು ಪಾವನಗೊಳಿಸುತ್ತದೆ.

ಇದು ಹೇಮಚಂದ್ರರೊಬ್ಬರ ಕವಿಚಮತ್ಕಾರವಲ್ಲ. ಜೈನ ದಾನಶಾಸ್ತ್ರದ ಹೃದಯವೇ ಇಲ್ಲಿದೆ. ದಾನದ ಫಲದಲ್ಲಿ ತಾರತಮ್ಯ ಯಾವುದರಿಂದ ಬರುತ್ತದೆಂಬುದನ್ನು ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದ ಕೊನೆಯಲ್ಲಿ ನಿರೂಪಿಸುವಾಗ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಮಾತ್ರ ಎಣಿಸುತ್ತದೆ. ಕಾಲವನ್ನು ಎಣಿಸುವುದಿಲ್ಲ. ಮಹಾಪುರಾಣದಲ್ಲಿ ದಾತೃವಿಗೆ ಹೇಳಿದ ಶ್ರದ್ಧೆ, ಶಕ್ತಿ, ಭಕ್ತಿ, ವಿಜ್ಞಾನ, ಅಲುಬ್ಧತೆ, ಕ್ಷಮೆ, ತ್ಯಾಗ ಎಂಬ ಸಪ್ತಗುಣಗಳಲ್ಲಿಯೂ, ಪ್ರತಿಗ್ರಹ ಮೊದಲಾದ ನವವಿಧ ಪುಣ್ಯಗಳಲ್ಲಿಯೂ ತಿಥಿಯ ಮಾತಿಲ್ಲ. ಮುನಿಯ ಆಹಾರಕ್ಕೆ ದಿನದಲ್ಲಿ ಯೋಗ್ಯವಾದ ವೇಳೆಯ ನಿಯಮವಿದೆ, ನಿಜ. ಆದರೆ ಆ ನಿಯಮ ಎಲ್ಲ ದಿನಗಳಿಗೂ ಸಮಾನ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಒಂದಾದ ಅತಿಥಿಸಂವಿಭಾಗದ ವ್ಯಾಖ್ಯಾನವನ್ನು ಇಲ್ಲಿ ನೆನೆಯುವುದು ಉಚಿತ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ‘ಅತಿಥಿ’ ಶಬ್ದವನ್ನು ವಿವರಿಸುತ್ತ, ಬರುವುದಕ್ಕೆ ತಿಥಿಯ ಕಟ್ಟಿಲ್ಲದವನು, ಅನಿಯತ ಕಾಲದಲ್ಲಿ ಬರುವವನು ಅತಿಥಿಯೆಂದು ಅರ್ಥ ಹೇಳುತ್ತಾರೆ. ಶ್ರೇಯಾಂಸನ ಮನೆಗೆ ಬಂದವನು ಈ ಅರ್ಥದಲ್ಲಿ ಪರಮಾತಿಥಿ. ಶ್ರೇಯಾಂಸನು ಪರ್ವದಿನವನ್ನು ನೋಡಿ ದಾನ ಮಾಡಲಿಲ್ಲ. ಅಂದು ಅದು ಪರ್ವವೇ ಆಗಿರಲಿಲ್ಲ. ತಿಥಿಯಿಲ್ಲದೆ ಬಂದವನಿಗೆ ಕೊಟ್ಟ ದಾನದಿಂದಲೇ ಒಂದು ತಿಥಿಯು ಪರ್ವವಾಯಿತು.

ದ್ರವ್ಯದ ವಿಷಯದಲ್ಲಿಯೂ ಕಥನವು ಬೋಧಪ್ರದವಾಗಿದೆ. ಇಂದು ಅಕ್ಷಯ ತೃತೀಯೆಯೆಂದರೆ ಬಂಗಾರದಂಗಡಿಗಳ ಮುಂದೆ ಜನಸಂದಣಿ. ಕೊಂಡ ಚಿನ್ನವು ಅಕ್ಷಯವಾಗುವುದೆಂಬ ನಂಬಿಕೆ ನಗರಗಳಲ್ಲಿ ಬಲವಾಗಿದೆ, ಜೈನ ಗೃಹಸ್ಥರೂ ಇದಕ್ಕೆ ಹೊರತಲ್ಲ. ಆದರೆ ಪುರಾಣವನ್ನು ತೆರೆದರೆ ಕಾಣುವುದೇನು? ಬಂಗಾರವನ್ನೂ ರತ್ನಗಳನ್ನೂ ತಂದವರನ್ನು ಭಗವಂತನು ತಿಂಗಳುಗಟ್ಟಲೆ ಹಾದು ನಡೆದನು. ಅವನು ಸ್ವೀಕರಿಸಿದುದು ಕಬ್ಬಿನ ರಸವನ್ನು. ಕೂಡಿಡಲಾಗದ, ಆ ಹೊತ್ತಿಗೆ ಹಿಂಡಿ ಆ ಹೊತ್ತಿಗೇ ಕೊಡಬೇಕಾದ ದ್ರವ್ಯವದು. ಅತಿ ಬೇಗ ಕೆಡುವ ವಸ್ತುವಿನ ದಾನಕ್ಕೆ ‘ಅಕ್ಷಯ’ವೆಂಬ ಹೆಸರು ಬಂದಿರುವುದು ಆಲೋಚನೀಯ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ವೈಶಾಖ ಶುಕ್ಲ ತೃತೀಯೆಯು ಹಲವು ಪರಂಪರೆಗಳ ಸಮಾನ ಪರ್ವ. ಆದರೆ ಅವುಗಳ ಕಾರಣಗಳು ಬೇರೆ ಬೇರೆ, ಒಂದನ್ನು ಇನ್ನೊಂದರ ನೆರಳೆಂದು ಎಣಿಸಲು ಆಧಾರವಿಲ್ಲ. ವೃಷಭನಾಥರ ದೀಕ್ಷಾತಿಥಿಯಾದ ಚೈತ್ರ ಕೃಷ್ಣವು ಪೂರ್ಣಿಮಾಂತ ಗಣನೆಯದಾಗಿದ್ದು ನಮ್ಮ ಫಾಲ್ಗುಣ ಬಹುಳಕ್ಕೆ ಸಮಾನ. ಆದುದರಿಂದ ದೀಕ್ಷೆಯಿಂದ ಪಾರಣೆಯವರೆಗಿನ ಕಾಲವು ಸೂಕ್ಷ್ಮವಾಗಿ ಹದಿಮೂರು ತಿಂಗಳು ಒಂಬತ್ತು ತಿಥಿ, ಸ್ಥೂಲವಾಗಿ ಒಂದು ಸಂವತ್ಸರ. ಕನ್ನಡ ನಾಡಿನ ಹಸ್ತಪ್ರತಿಗಳ ಸೂಚಿಗಳನ್ನು ಸಿದ್ಧಗೊಳಿಸುವವರು ಕೃಷ್ಣಪಕ್ಷದ ತಿಥಿ ಬಂದೆಡೆಯಲ್ಲೆಲ್ಲ ಅದು ಮೂಲಪಾಠದ್ದೋ ಲಿಪಿಕಾರನದ್ದೋ ಎಂಬುದನ್ನೂ, ಯಾವ ಗಣನೆಯದೆಂಬುದನ್ನೂ ಗುರುತಿಸಿ ನಮೂದಿಸುವುದು ಅವಶ್ಯ. ಒಂದು ಮಾಸದ ವ್ಯತ್ಯಾಸವು ಅಲ್ಪವೆನಿಸಬಹುದು. ಆದರೆ ಅದರಿಂದ ಒಂದು ಕಲ್ಯಾಣಕದ ದಿನವೂ ಒಂದು ಪ್ರತಿಯ ಸಂವತ್ಸರವೂ ತಪ್ಪಿಹೋಗುತ್ತವೆ.

ತಿಥಿಯನ್ನು ಇಷ್ಟು ಶ್ರಮದಿಂದ ನಿರ್ಣಯಿಸಿದ ಮೇಲೆ, ದಾನದ ಫಲಕ್ಕೆ ತಿಥಿಯು ಕಾರಣವಲ್ಲವೆಂದು ನಮ್ಮ ಶಾಸ್ತ್ರವೇ ಹೇಳುತ್ತಿರುವುದನ್ನು ಮರೆಯಲಾಗದು. ಇವೆರಡಕ್ಕೂ ವಿರೋಧವಿಲ್ಲ. ಪರ್ವವು ನೆನಪಿಗಾಗಿ ಇರುವುದರಿಂದ ಅದರ ದಿನವನ್ನು ಸರಿಯಾಗಿ ಅರಿಯುವುದು ವಿದ್ವಾಂಸರ ಕರ್ತವ್ಯ; ಆ ನೆನಪು ಯಾವುದರದೆಂಬುದನ್ನು ಅರಿತು ವಿಧಿ, ದ್ರವ್ಯ, ಪಾತ್ರಗಳ ವಿವೇಕದಿಂದ ನೀಡುವುದು ಶ್ರಾವಕರ ಕರ್ತವ್ಯ.